ಟೋಪಿ ಹಾಕಿದ ಡಾಕ್ಟರ್

ಇಂಟರ್ನೆಟ್‌ನಲ್ಲಿ ಹುಡುಕಿದ್ರೆ ಒಂದು ಚಿಕ್ಕ ಟೂಲ್ ಸಿಗುತ್ತೆ. ಅದರಲ್ಲಿರೋದು ಒಂದು ಖಾಲಿ ಬಾಕ್ಸ್, ಅಷ್ಟೇ. ಆ ಬಾಕ್ಸ್‌ನಲ್ಲಿ ಇಂಗ್ಲಿಷ್‌ನ ಸಿ ಅಕ್ಷರ ಒತ್ತಿ, ಪಕ್ಕದಲ್ಲೇ ಎಕ್ಸ್ ಒತ್ತಿದ್ರೆ, ಎಕ್ಸ್ ಮಾಯ ಆಗಿ ಸಿ ತಲೆ ಮೇಲೆ ಒಂದು ಪುಟ್ಟ ಟೋಪಿ ಬಂದು ಕೂರುತ್ತೆ. ಜಿ, ಎಚ್, ಜೆ, ಎಸ್ ಅಕ್ಷರಗಳಿಗೂ ಹೀಗೇ. ಯು ಅಕ್ಷರಕ್ಕೆ ಮಾತ್ರ ಟೋಪಿ ಬದಲು ಬಟ್ಟಲಿನ ಆಕಾರದ ಗುರುತು ಬರುತ್ತೆ. ಒಟ್ಟು ಆರು ಅಕ್ಷರ. ಎಸ್ಪೆರಾಂಟೊ ಅನ್ನೋ ಭಾಷೆ ಬರೆಯೋರಿಗೆ ಇವು ಬೇಕು. ನಮ್ಮ ಲ್ಯಾಪ್‌ಟಾಪ್ ಕೀಬೋರ್ಡ್‌ನಲ್ಲಿ ಇವು ಇಲ್ಲ.

ಈ ಅಕ್ಷರಗಳಿಗೆ ಟೋಪಿ ಹಾಕಿದವರು ವಾರ್ಸಾ ನಗರದ ಒಬ್ಬ ಕಣ್ಣಿನ ಡಾಕ್ಟರ್. ಹೆಸರು ಲುಡ್ವಿಕ್ ಲಾಜರ್ ಜಾಮೆನ್‌ಹಾಫ್. ಕನ್ನಡದಲ್ಲಿ ಟೋಪಿ ಹಾಕೋದು ಅಂದ್ರೆ ಬೇರೆ ಅರ್ಥ ಇದೆ, ಗೊತ್ತು. ಈ ಮನುಷ್ಯ ಯಾರಿಗೂ ಆ ಥರ ಟೋಪಿ ಹಾಕಿದವರಲ್ಲ. ಬದಲಿಗೆ, ತಾವೇ ಹಾಕಿದ ಟೋಪಿಗಳನ್ನ ತೆಗೆದುಬಿಡೋಣ ಅಂತ ಒಂದು ಸಲ ತಾವೇ ಹೊರಟಿದ್ದರು. ಆ ಭಾಷೆ ಕಲಿತಿದ್ದ ಜನ ಬಿಡಲಿಲ್ಲ. ಈ ಲೇಖನ ಅವರ ಬಗ್ಗೆ, ಆ ಆರು ಅಕ್ಷರಗಳ ಬಗ್ಗೆ.

ಐದು ಜನಾಂಗಗಳ ಊರು

ಜಾಮೆನ್‌ಹಾಫ್ ಹುಟ್ಟಿದ್ದು 1859ರ ಡಿಸೆಂಬರ್ 15ರಂದು, ಬಿಯಾಲಿಸ್ಟಾಕ್ ಅನ್ನೋ ಊರಲ್ಲಿ. ಈಗ ಅದು ಪೋಲೆಂಡ್‌ನಲ್ಲಿದೆ. ಆಗ ಪೋಲೆಂಡ್ ಅನ್ನೋ ದೇಶವೇ ಇರಲಿಲ್ಲ, ಆ ಊರು ರಷ್ಯಾದ ಚಕ್ರವರ್ತಿಯ ಕೈಯಲ್ಲಿತ್ತು. ಊರಲ್ಲಿ ಯಹೂದಿಗಳೇ ಹೆಚ್ಚು. ಜೊತೆಗೆ ಪೋಲಿಷರು, ರಷ್ಯನ್ನರು, ಜರ್ಮನ್ನರು, ಬೆಲರೂಸಿನವರು. ಒಬ್ಬೊಬ್ಬರದ್ದು ಒಂದೊಂದು ಭಾಷೆ. ನಮ್ಮ ಬೆಂಗಳೂರಲ್ಲೂ ಒಂದೇ ಬೀದಿಯಲ್ಲಿ ಐದು ಭಾಷೆ ಕೇಳುತ್ತೆ. ಆದ್ರೆ ಅಲ್ಲಿ ಭಾಷೆ ಬೇರೆ ಅಂದ್ರೆ ಶತ್ರು ಅಂತಲೇ ಲೆಕ್ಕ. ಬೀದಿಯಲ್ಲಿ ಯಹೂದಿ ಮಕ್ಕಳಿಗೆ ಬೈಗುಳ, ಕೆಲವೊಮ್ಮೆ ಕಲ್ಲೇಟು. ಮನುಷ್ಯರೆಲ್ಲ ಅಣ್ಣ ತಮ್ಮಂದಿರು ಅಂತ ಮನೇಲಿ ಕಲಿಸ್ತಿದ್ರು. ಬೀದಿಗೆ ಬಂದ್ರೆ ಮನುಷ್ಯರೇ ಕಾಣ್ತಿರಲಿಲ್ಲ, ರಷ್ಯನ್ನರು, ಪೋಲಿಷರು, ಯಹೂದಿಗಳು ಮಾತ್ರ ಕಾಣ್ತಿದ್ರು. ಚಿಕ್ಕ ಹುಡುಗನಾಗಿದ್ದಾಗ ತನಗೆ ಹೀಗೆ ಅನಿಸಿತ್ತು ಅಂತ ಅವರು ಮುಂದೆ ಒಂದು ಪತ್ರದಲ್ಲಿ ನೆನಪು ಮಾಡಿಕೊಂಡಿದ್ದಾರೆ.

ಮನೆಯಲ್ಲೂ ಭಾಷೆಗಳದ್ದೇ ರಾಶಿ. ಅಪ್ಪ ಮಾರ್ಕುಸ್ ಭಾಷೆ ಕಲಿಸೋ ಮೇಷ್ಟ್ರು, ತುಂಬ ಕಟ್ಟುನಿಟ್ಟು. ಮನೆಮಾತು ರಷ್ಯನ್ ಮತ್ತು ಯಿಡ್ಡಿಷ್. ಬೀದಿಯಲ್ಲಿ ಪೋಲಿಷ್. ಅಪ್ಪನಿಂದ ಜರ್ಮನ್, ಫ್ರೆಂಚ್, ಹೀಬ್ರೂ. ಶಾಲೆಯಲ್ಲಿ ಲ್ಯಾಟಿನ್, ಗ್ರೀಕ್, ಆಮೇಲೆ ಇಂಗ್ಲಿಷ್.

1873ರಲ್ಲಿ ಮನೆಯವರು ವಾರ್ಸಾಗೆ ಬಂದರು. ಎಲ್ಲರಿಗೂ ಸೇರಿದ, ಯಾರ ಸ್ವಂತದ್ದೂ ಅಲ್ಲದ ಒಂದು ಎರಡನೇ ಭಾಷೆ ಇರಬೇಕು ಅನ್ನೋ ಯೋಚನೆ ಹುಡುಗನ ತಲೆಯಲ್ಲಿ ಗಟ್ಟಿಯಾಗಿದ್ದು ಇಲ್ಲೇ. ಮೊದಲು ಲ್ಯಾಟಿನ್ ಅಥವಾ ಗ್ರೀಕ್ ಭಾಷೆಯನ್ನೇ ಮತ್ತೆ ಬಳಕೆಗೆ ತರಬಹುದಾ ಅಂತ ಯೋಚಿಸಿದ. ಅವು ಕಲಿಯೋಕೆ ತುಂಬ ಕಷ್ಟ. ಇಂಗ್ಲಿಷ್ ಕಲಿಯೋಕೆ ಶುರು ಮಾಡಿದಾಗ ಒಂದು ವಿಷಯ ಹೊಳೀತು: ವ್ಯಾಕರಣ ಅಷ್ಟು ಗೋಜಲಾಗಿ ಇರಬೇಕಾಗಿಲ್ಲ, ಸಣ್ಣದಾಗಿದ್ರೂ ಭಾಷೆ ನಡೆಯುತ್ತೆ.

ಆದ್ರೆ ಪದಗಳು? ಸಾವಿರಾರು ಪದ ಬಾಯಿಪಾಠ ಮಾಡೋರು ಯಾರು? ಇದಕ್ಕೆ ಉತ್ತರ ಸಿಕ್ಕಿದ್ದು ರಸ್ತೆಯ ಬೋರ್ಡ್‌ಗಳಲ್ಲಿ. ಒಂದು ಬೋರ್ಡ್‌ನಲ್ಲಿ ಶ್ವೇತ್ಸಾರ್‌ಸ್ಕಾಯ ಅಂತಿತ್ತು, ಅಂದ್ರೆ ಬಾಗಿಲು ಕಾಯೋನ ಕೋಣೆ. ಇನ್ನೊಂದರಲ್ಲಿ ಕೊಂದಿತೋರ್‌ಸ್ಕಾಯ, ಅಂದ್ರೆ ಮಿಠಾಯಿ ಅಂಗಡಿ. ಎರಡರ ಕೊನೆಗೂ ಒಂದೇ ಬಾಲ. ನಮ್ಮಲ್ಲಿ ಬಳೆಗಾರ, ಹಾಡುಗಾರ, ಮೋಸಗಾರ ಅಂತೀವಲ್ಲ, ಗಾರ ಅನ್ನೋದು ಒಂದು ಗೊತ್ತಿದ್ರೆ ಎಷ್ಟೋ ಪದ ತಾವಾಗೇ ಹುಟ್ಕೊಳ್ಳುತ್ವೆ, ಹಾಗೆ. ಎಸ್ಪೆರಾಂಟೊದ ಇಂಜಿನ್ ಇದೇ. ಸಾನ ಅಂದ್ರೆ ಆರೋಗ್ಯವಾಗಿರೋದು. ಮುಂದೆ ಮಲ್ ಸೇರಿಸಿದ್ರೆ ಉಲ್ಟಾ: ಮಲ್‌ಸಾನ, ಕಾಯಿಲೆ ಬಿದ್ದಿರೋದು. ಮಲ್‌ಸಾನುಲೊ ಅಂದ್ರೆ ರೋಗಿ. ಮಲ್‌ಸಾನುಲೇಯೊ ಅಂದ್ರೆ ಆಸ್ಪತ್ರೆ. ಒಂದೇ ಬೇರು, ಉಳಿದದ್ದೆಲ್ಲ ಜೋಡಣೆ. ಪ್ರೋಗ್ರಾಮಿಂಗ್ ಕಲೀತಿರೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಹತ್ತೊಂಬತ್ತನೇ ಹುಟ್ಟುಹಬ್ಬ

1878ರ ಡಿಸೆಂಬರ್‌ನಲ್ಲಿ ಮೊದಲ ರೂಪ ತಯಾರಾಯ್ತು. ಆಗ ಅವನಿಗೆ ಹತ್ತೊಂಬತ್ತು ವರ್ಷ. ನನಗೀಗ ಆಗಿರೋದೂ ಅಷ್ಟೇ, ನನ್ನ ಹೆಸರಲ್ಲಿ ಇರೋದು ಅರ್ಧ ಮುಗಿದ ಒಂದು ಮಿನಿ ಪ್ರಾಜೆಕ್ಟ್. ಮನೆಯಲ್ಲಿ ಅಮ್ಮ ಕೇಕ್ ಮಾಡಿದ್ರು, ನಾಲ್ಕಾರು ಜನ ಕ್ಲಾಸ್‌ಮೇಟ್‌ಗಳು ಬಂದಿದ್ರು, ಎಲ್ಲರೂ ಸೇರಿ ಹೊಸ ಭಾಷೆಯಲ್ಲಿ ಒಂದು ಹಾಡು ಹಾಡಿದ್ರು. ಶಾಲೆ ಮುಗಿದ ಮೇಲೆ ಆ ಗೆಳೆಯರೆಲ್ಲ ಚೆದುರಿಹೋದರು. ದೊಡ್ಡವರು ನಕ್ಕ ತಕ್ಷಣ ಒಬ್ಬೊಬ್ಬರೇ ಕೈ ಬಿಟ್ಟರು.

ಅಪ್ಪನಿಗೆ ಮಗ ಡಾಕ್ಟರ್ ಆಗಬೇಕಿತ್ತು. 1879ರಲ್ಲಿ ಮೆಡಿಕಲ್ ಓದೋಕೆ ಮಾಸ್ಕೋಗೆ ಕಳಿಸಿದರು. ಮಗ ಅತ್ತ ಹೋದ ಮೇಲೆ ಅಪ್ಪ ಭಾಷೆಯ ಕಾಗದಗಳನ್ನೆಲ್ಲ ಸುಟ್ಟುಹಾಕಿದರು ಅಂತ ಒಂದು ಕತೆ ಇದೆ. ಮನೆಯಲ್ಲಿ ದುಡ್ಡಿನ ತೊಂದರೆ ಇದ್ದದ್ದರಿಂದ 1881ರಲ್ಲಿ ವಾರ್ಸಾಗೇ ವಾಪಸ್ ಬಂದು ಓದು ಮುಂದುವರಿಸಬೇಕಾಯ್ತು. ಅದೇ ವರ್ಷ ಕ್ರಿಸ್‌ಮಸ್ ಹೊತ್ತಿಗೆ ವಾರ್ಸಾದಲ್ಲಿ ಯಹೂದಿಗಳ ಮೇಲೆ ದಂಗೆ ಆಯ್ತು. ಕೆಲವು ವರ್ಷ ಅವರು ಯಹೂದಿಗಳಿಗೆ ಒಂದು ನೆಲೆ ಬೇಕು ಅನ್ನೋ ಚಳವಳಿಯಲ್ಲಿ ಓಡಾಡಿದರು, ಯಿಡ್ಡಿಷ್‌ಗೆ ಒಂದು ವ್ಯಾಕರಣ ಕೂಡ ಬರೆದರು. ಕೊನೆಗೆ ಒಂದು ಜನಾಂಗಕ್ಕೆ ಮಾತ್ರ ಉಪಯೋಗ ಆಗೋ ಉತ್ತರ ತನಗೆ ಸಾಲದು ಅಂತ ನಿರ್ಧಾರ ಮಾಡಿದರು.

1885ರಲ್ಲಿ ಡಿಗ್ರಿ ಸಿಕ್ತು. ಮೊದಲು ಸಾಮಾನ್ಯ ವೈದ್ಯರಾಗಿ ಒಂದು ಹಳ್ಳಿಯಂಥ ಊರಲ್ಲಿ ಕೆಲಸ ಮಾಡಿದರು. ಸಾಯೋ ಸ್ಥಿತಿಯಲ್ಲಿರೋ ರೋಗಿಗಳನ್ನ ನೋಡಿ ಅವರಿಗೆ ತಡಕೊಳ್ಳೋಕೆ ಆಗಲಿಲ್ಲ. ಅದಕ್ಕೇ ಕಣ್ಣಿನ ವೈದ್ಯ ಕಲಿತರು, ಅದಕ್ಕಾಗಿ ವಿಯೆನ್ನಾಗೂ ಹೋಗಿ ಬಂದರು. ಹಗಲು ರೋಗಿಗಳು, ರಾತ್ರಿ ಭಾಷೆ.

ಟೋಪಿ ಯಾಕೆ ಬೇಕಾಯ್ತು?

ಈಗ ಅಕ್ಷರಗಳಿಗೆ ಬರೋಣ. ಅವರ ನಿಯಮ ಸರಳ: ಒಂದು ಅಕ್ಷರಕ್ಕೆ ಒಂದೇ ಸದ್ದು, ಒಂದು ಸದ್ದಿಗೆ ಒಂದೇ ಅಕ್ಷರ. ಬರೆದ ಹಾಗೇ ಓದೋದು. ಕನ್ನಡ ಓದೋರಿಗೆ ಇದೇನು ದೊಡ್ಡ ವಿಷಯ ಅನಿಸಬಹುದು. ಆದ್ರೆ ರೋಮನ್ ಲಿಪಿಯಲ್ಲಿ ಇದು ಸುಲಭ ಅಲ್ಲ. ಇಂಗ್ಲಿಷ್‌ನ ಸಿ ಒಂದು ಕಡೆ ಕ, ಇನ್ನೊಂದು ಕಡೆ ಸ. ಜಿ ಪಕ್ಕ ಎಚ್ ಬಂದ್ರೆ ಒಂದು ಪದದಲ್ಲಿ ಗ, ಇನ್ನೊಂದರಲ್ಲಿ ಫ, ಮತ್ತೊಂದರಲ್ಲಿ ಸದ್ದೇ ಇಲ್ಲ. ನಾವು ಒಂದನೇ ಕ್ಲಾಸಿಂದ ಸ್ಪೆಲಿಂಗ್ ಟೆಸ್ಟ್ ಬರೆದಿದ್ದು ಇದಕ್ಕೇ ಅಲ್ವಾ?

ಅವರಿಗೆ ಬೇಕಿದ್ದ ಸದ್ದುಗಳು 28. ರೋಮನ್ ಅಕ್ಷರ 26, ಅದರಲ್ಲೂ ಕ್ಯೂ, ಡಬಲ್ಯು, ಎಕ್ಸ್, ವೈ ನಾಲ್ಕನ್ನ ಅವರು ಬಿಟ್ಟಿದ್ದರು. ಉಳಿದದ್ದು 22. ಕಮ್ಮಿ ಬಿದ್ದ ಆರಕ್ಕೆ ಇದ್ದ ಅಕ್ಷರಗಳ ಮೇಲೇ ಗುರುತು ಹಾಕಿದರು. ಟೋಪಿ ಹಾಕಿದ ಸಿ ಅಂದ್ರೆ ನಮ್ಮ ಚ. ಟೋಪಿ ಹಾಕಿದ ಜಿ ಅಂದ್ರೆ ಜ. ಟೋಪಿಯ ಎಸ್ ಅಂದ್ರೆ ಶ. ಟೋಪಿಯ ಎಚ್ ಉರ್ದುವಿನಲ್ಲಿ ಗಂಟಲಿಂದ ಬರೋ ಖ ಥರ. ಟೋಪಿಯ ಜೆ ಸದ್ದು ಇಂಗ್ಲಿಷ್‌ನ ಮೆಷರ್, ಪ್ಲೆಷರ್ ಪದಗಳ ನಡುವೆ ಬರುತ್ತಲ್ಲ, ಅದು. ಬಟ್ಟಲು ಹೊತ್ತ ಯು ಅಂದ್ರೆ ಅವ್, ಎವ್ ಅನ್ನೋವಾಗ ಕೊನೆಗೆ ಬರೋ ಸಣ್ಣ ವ್.

ಅಕ್ಷರದ ಮೇಲೆ ಗುರುತು ಹಾಕೋದು ಯೂರೋಪಿನಲ್ಲಿ ಹೊಸದಲ್ಲ. ಫ್ರೆಂಚ್‌ನಲ್ಲಿ ಸ್ವರಗಳ ಮೇಲೆ ಇದೇ ಟೋಪಿ ಇದೆ. ಚೆಕ್ ಭಾಷೆಯಲ್ಲಿ ವ್ಯಂಜನಗಳ ಮೇಲೆ ತಲೆಕೆಳಗಾದ ಟೋಪಿ ಇದೆ. ಆದ್ರೆ ಸಿ, ಜಿ, ಎಚ್, ಜೆ, ಎಸ್ ಐದರ ಮೇಲೂ ನೆಟ್ಟಗಿನ ಟೋಪಿ ಇರೋ ಭಾಷೆ ಅವರ ಸುತ್ತಮುತ್ತ ಯಾವುದೂ ಇರಲಿಲ್ಲ. ಹಾಗಾಗಿ ಆ ಅಚ್ಚಿನ ಮೊಳೆಗಳು ಸಾಮಾನ್ಯ ಪ್ರೆಸ್‌ಗಳಲ್ಲೂ ಇರಲಿಲ್ಲ. ತೊಂದರೆ ಶುರುವಾಗಿದ್ದು ಇಲ್ಲಿಂದ.

ಮೊದಲ ಪುಸ್ತಕ

ಎರಡು ವರ್ಷ ಪ್ರಕಾಶಕರ ಹಿಂದೆ ಅಲೆದರೂ ಯಾರೂ ಪುಸ್ತಕ ತೆಗೆದುಕೊಳ್ಳಲಿಲ್ಲ. ಕೊನೆಗೆ ಸಹಾಯಕ್ಕೆ ಬಂದವರು ಮದುವೆ ನಿಶ್ಚಯ ಆಗಿದ್ದ ಕ್ಲಾರಾ ಸಿಲ್ಬರ್‌ನಿಕ್ ಅವರ ತಂದೆ, ಕೌನಾಸ್ ಊರಿನ ಸಾಬೂನು ತಯಾರಕರು. ಅವರ ದುಡ್ಡಿನಿಂದ ಪುಸ್ತಕ ಅಚ್ಚಾಯ್ತು. ರಷ್ಯಾದಲ್ಲಿ ಸೆನ್ಸಾರ್ ಒಪ್ಪದೆ ಏನೂ ಅಚ್ಚಾಗ್ತಿರಲಿಲ್ಲ. ಅನುಮತಿ ಸಿಕ್ಕಿ 1887ರ ಜುಲೈ 26ರಂದು ಪುಸ್ತಕ ಹೊರಬಂತು. ಎರಡು ವಾರದ ನಂತರ, ಆಗಸ್ಟ್ 9ಕ್ಕೆ, ಮದುವೆ.

ಅದು ಸುಮಾರು 40 ಪುಟದ ತೆಳ್ಳನೆಯ ಪುಸ್ತಕ. ಒಂಬೈನೂರು ಚಿಲ್ಲರೆ ಬೇರುಪದಗಳ ಒಂದು ಹಾಳೆ ಜೊತೆಗಿತ್ತು. ಮೊದಲು ರಷ್ಯನ್‌ನಲ್ಲಿ, ಅದೇ ವರ್ಷ ಪೋಲಿಷ್, ಫ್ರೆಂಚ್, ಜರ್ಮನ್‌ನಲ್ಲಿ ಬಂತು. ಲೇಖಕರ ಹೆಸರಿದ್ದ ಜಾಗದಲ್ಲಿ ಡಾಕ್ಟರ್ ಎಸ್ಪೆರಾಂಟೊ ಅಂತಿತ್ತು, ಅಂದ್ರೆ ಭರವಸೆ ಇಟ್ಟುಕೊಂಡಿರೋ ಡಾಕ್ಟರ್. ಹುಚ್ಚು ಭಾಷೆ ಮಾಡ್ತಾರೆ ಅಂತ ಗೊತ್ತಾದ್ರೆ ರೋಗಿಗಳು ಬರಲ್ಲ ಅನ್ನೋ ಭಯ ಇತ್ತು. ಜನ ಆ ಗುಪ್ತನಾಮವನ್ನೇ ಭಾಷೆಗೆ ಇಟ್ಟುಬಿಟ್ಟರು.

ಪುಸ್ತಕದಲ್ಲಿ ಎರಡು ವಿಶೇಷ ಇದ್ದವು. ಒಂದು, ಕತ್ತರಿಸಿ ಕಳಿಸೋ ಚೀಟಿಗಳು. ಒಂದು ಕೋಟಿ ಜನ ಕಲಿಯೋಕೆ ಒಪ್ಪಿದ್ರೆ ನಾನೂ ಕಲೀತೀನಿ ಅನ್ನೋ ವಾಗ್ದಾನ ಅದರಲ್ಲಿತ್ತು. ಕೋಟಿ ಬರಲಿಲ್ಲ. 1889ರಲ್ಲಿ ಅವರು ಪ್ರಕಟಿಸಿದ ವಿಳಾಸಪಟ್ಟಿಯಲ್ಲಿ ಇದ್ದದ್ದು 1,000 ಹೆಸರು. ಎರಡನೇ ವಿಶೇಷ ಇನ್ನೂ ದೊಡ್ಡದು. ಈ ಭಾಷೆಯ ಮೇಲೆ ತನಗೆ ಯಾವ ಹಕ್ಕೂ ಬೇಡ, ಇದು ಎಲ್ಲರ ಸೊತ್ತು ಅಂತ ಅವರು ಮೊದಲ ಪುಸ್ತಕದಲ್ಲೇ ಬರೆದುಕೊಟ್ಟರು. ಓಪನ್ ಸೋರ್ಸ್ ಅನ್ನೋ ಪದ ಹುಟ್ಟೋಕೆ ನೂರು ವರ್ಷಕ್ಕೂ ಮುಂಚೆ.

ತಮ್ಮ ಟೋಪಿ ತೆಗೆಯಲು ತಾವೇ ಹೊರಟಾಗ

1889ರಲ್ಲಿ ಜರ್ಮನಿಯ ನ್ಯೂರೆಂಬರ್ಗ್‌ನಿಂದ ಲಾ ಎಸ್ಪೆರಾಂಟಿಸ್ಟೊ ಅನ್ನೋ ಪತ್ರಿಕೆ ಶುರುವಾಯ್ತು. ಓದುಗರು ಕೆಲವೇ ನೂರು. ದೂರುಗಳು ಮಾತ್ರ ತುಂಬ. ಈ ಟೋಪಿ ಅಕ್ಷರಗಳು ನಮ್ಮ ಪ್ರೆಸ್‌ನಲ್ಲಿ ಇಲ್ಲ, ನೋಡೋಕೆ ವಿಚಿತ್ರ, ಇವನ್ನ ತೆಗೆದ್ರೆ ಭಾಷೆ ಇನ್ನೂ ಬೇಗ ಹರಡುತ್ತೆ, ಹೀಗೆ. ಪತ್ರಿಕೆಗೆ ದುಡ್ಡು ಕೊಡ್ತಿದ್ದ ವಿಲ್ಹೆಲ್ಮ್ ಟ್ರಾಂಪೆಟರ್ ಕೂಡ ಬದಲಾವಣೆ ಬೇಕು ಅನ್ನೋರ ಕಡೆ ಇದ್ದರು.

ಜಾಮೆನ್‌ಹಾಫ್ ಸ್ಥಿತಿ ಯೋಚಿಸಿ. ಹೆಂಡತಿ ಕಡೆಯಿಂದ ಬಂದ ದುಡ್ಡಲ್ಲಿ ಎಷ್ಟೋ ಭಾಗ ಪುಸ್ತಕಗಳಿಗೆ ಹೋಗಿತ್ತು. ಕ್ಲಿನಿಕ್ ಒಂದೂರಲ್ಲೂ ನಿಲ್ತಿರಲಿಲ್ಲ. ವಾರ್ಸಾ ಬಿಟ್ಟು ಖೆರ್ಸಾನ್, ಅಲ್ಲಿಂದ ವಾಪಸ್, 1893ರಲ್ಲಿ ಗ್ರೋದ್ನೊ. ಮಕ್ಕಳು ಚಿಕ್ಕವರು. ಒಬ್ಬ ದಾನಿ ಕೈ ಬಿಟ್ಟರೂ ಪತ್ರಿಕೆ ನಿಲ್ಲುತ್ತೆ. 1894ರಲ್ಲಿ ಅವರು ತಾವೇ ಒಂದು ಸುಧಾರಣೆ ಪಟ್ಟಿ ಮಾಡಿ ಪತ್ರಿಕೆಯಲ್ಲಿ ಹಾಕಿದರು. ಅದರಲ್ಲಿ ಟೋಪಿ ಅಕ್ಷರ ಒಂದೂ ಇರಲಿಲ್ಲ. ವ್ಯಾಕರಣದಲ್ಲೂ ತುಂಬ ಬದಲಾವಣೆ ಇತ್ತು. ನಂತರ ಓದುಗರಿಗೇ ವೋಟ್ ಹಾಕೋಕೆ ಹೇಳಿದರು.

ಬಹುಮತ ಬಂದಿದ್ದು ಏನೂ ಬದಲಾಯಿಸಬೇಡಿ ಅನ್ನೋದಕ್ಕೆ.

ನನಗೆ ಇಡೀ ಕತೆಯಲ್ಲಿ ಇದೇ ಮುಖ್ಯ ಅನಿಸುತ್ತೆ. ಭಾಷೆ ಮಾಡಿದ ಮನುಷ್ಯನೇ ಬಂದು ಅಕ್ಷರ ಬಿಡೋಣ ಅಂತಾನೆ, ಏಳು ವರ್ಷದ ಹಿಂದೆ ಕಲಿತ ಜನ ಬೇಡ ಅಂತಾರೆ. ಅವರು ಆ ಅಕ್ಷರಗಳಲ್ಲಿ ಪತ್ರ ಬರೆದಿದ್ರು, ಕವಿತೆ ಬರೆದಿದ್ರು, ಗೆಳೆಯರನ್ನ ಮಾಡಿಕೊಂಡಿದ್ರು. ಪ್ರೆಸ್‌ನಲ್ಲಿ ಮೊಳೆ ಇಲ್ಲ ಅನ್ನೋದು ಪ್ರೆಸ್‌ನ ಸಮಸ್ಯೆ, ಅಕ್ಷರದ್ದಲ್ಲ. ಜಾಮೆನ್‌ಹಾಫ್ ಇದಕ್ಕೆ ಕೋಪ ಮಾಡಿಕೊಳ್ಳಲಿಲ್ಲ, ಒಪ್ಪಿಕೊಂಡರು. ಹಕ್ಕು ಬಿಟ್ಟುಕೊಟ್ಟಿದ್ದು ಬರೀ ಬಾಯಿಮಾತಲ್ಲ ಅಂತ ತೋರಿಸಿದ್ದು ಆ ಹೊತ್ತಲ್ಲಿ.

ಅದರ ಬೆಲೆಯೂ ತೆರಬೇಕಾಯ್ತು. ಟ್ರಾಂಪೆಟರ್ ನೆರವು ನಿಂತಿತು. 1895ರಲ್ಲಿ ಟಾಲ್‌ಸ್ಟಾಯ್ ಬರಹ ಹಾಕಿದ್ದಕ್ಕೆ ರಷ್ಯಾದ ಸೆನ್ಸಾರ್ ಪತ್ರಿಕೆಯನ್ನ ದೇಶದೊಳಗೆ ಬಿಡಲಿಲ್ಲ. ಹೆಚ್ಚಿನ ಚಂದಾದಾರರು ಇದ್ದದ್ದೇ ಅಲ್ಲಿ, ಪತ್ರಿಕೆ ಮುಚ್ಚಿತು. ಅದೇ ವರ್ಷದ ಕೊನೆಗೆ ಸ್ವೀಡನ್‌ನ ಉಪ್ಸಲಾದಿಂದ ಬೇರೆಯವರು ಇನ್ನೊಂದು ಪತ್ರಿಕೆ ಶುರು ಮಾಡಿದರು. ಭಾಷೆ ಈಗ ಒಬ್ಬರ ಮೇಲೆ ನಿಂತಿರಲಿಲ್ಲ.

ಬುಲೋನ್, ಮತ್ತೆ ಟೋಪಿ ಹಾಕಿದ ಇನ್ನೊಬ್ಬರು

1898ರಿಂದ ಜಾಮೆನ್‌ಹಾಫ್ ವಾರ್ಸಾದ ಜಿಕಾ ರಸ್ತೆಯಲ್ಲಿ ನೆಲೆಸಿದರು. ಬಡ ಯಹೂದಿಗಳ ಬಡಾವಣೆ ಅದು. ಫೀಸು ಕಮ್ಮಿ, ಕೊಡೋಕೆ ಆಗದವರಿಂದ ತಗೊಳ್ತಿರಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ರೋಗಿಗಳನ್ನ ನೋಡಿ, ರಾತ್ರಿ ಪತ್ರಗಳಿಗೆ ಉತ್ತರ, ಅನುವಾದ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ಆಗಲೇ 1894ರಲ್ಲಿ ಬಂದಿತ್ತು. ಮುಂದೆ ಗೊಗೊಲ್ ನಾಟಕ, ಆಂಡರ್ಸನ್ ಕತೆಗಳು, ಇಡೀ ಹಳೆ ಒಡಂಬಡಿಕೆ ಬಂದವು. ಹೊಸ ಭಾಷೆಯಲ್ಲಿ ಏನೆಲ್ಲ ಹೇಳಬಹುದು ಅಂತ ವಾದ ಮಾಡೋ ಬದಲು ಮಾಡಿ ತೋರಿಸೋದು ಅವರ ರೀತಿ.

1905ರ ಆಗಸ್ಟ್‌ನಲ್ಲಿ ಫ್ರಾನ್ಸ್‌ನ ಬುಲೋನ್ ಊರಲ್ಲಿ ಮೊದಲ ವಿಶ್ವ ಸಮ್ಮೇಳನ ನಡೀತು. 688 ಜನ ಬಂದಿದ್ದರು. ಅಲ್ಲಿವರೆಗೆ ಹೆಚ್ಚಾಗಿ ಕಾಗದದ ಮೇಲೆ ಇದ್ದ ಭಾಷೆಯನ್ನ ಇಪ್ಪತ್ತರಷ್ಟು ದೇಶಗಳ ಜನ ದುಭಾಷಿ ಇಲ್ಲದೆ ಮಾತಾಡಿದರು. ಅಲ್ಲಿ ಆದ ಘೋಷಣೆ ಪ್ರಕಾರ ಭಾಷೆಗೆ ಯಜಮಾನ ಇಲ್ಲ. ಫುಂದಮೆಂತೊ ಅನ್ನೋ ಮೂಲ ಪುಸ್ತಕ ಮಾತ್ರ ಎಲ್ಲರಿಗೂ ಅನ್ವಯ, ಅದನ್ನ ಜಾಮೆನ್‌ಹಾಫ್ ಕೂಡ ಬದಲಾಯಿಸೋ ಹಾಗಿಲ್ಲ. ಆ ಪುಸ್ತಕದಲ್ಲೇ ಪ್ರೆಸ್‌ಗಳಿಗೆ ಒಂದು ಸಲಹೆ ಇದೆ: ಟೋಪಿಯ ಮೊಳೆ ಇಲ್ಲದಿದ್ರೆ ಅಕ್ಷರದ ಪಕ್ಕ ಎಚ್ ಹಾಕಿ, ಯು ಮೇಲಿನ ಬಟ್ಟಲನ್ನ ಬಿಟ್ಟುಬಿಡಿ. ಅಕ್ಷರ ಅಕ್ಷರವೇ, ಎಚ್ ಬರೀ ತಾತ್ಕಾಲಿಕ.

ಎರಡು ವರ್ಷದಲ್ಲಿ ಮತ್ತೆ ಜಗಳ. 1907ರಲ್ಲಿ ಪ್ಯಾರಿಸ್‌ನಲ್ಲಿ ಒಂದು ಸಮಿತಿ ಯಾವ ಅಂತರರಾಷ್ಟ್ರೀಯ ಭಾಷೆ ಒಳ್ಳೇದು ಅಂತ ತೀರ್ಮಾನ ಮಾಡೋಕೆ ಕೂತಿತು. ಎಸ್ಪೆರಾಂಟೊ ಪರವಾಗಿ ಮಾತಾಡೋಕೆ ಜಾಮೆನ್‌ಹಾಫ್ ಕಳಿಸಿದ್ದು ಲೂಯಿ ದ ಬೋಫ್ರಾಂ ಅನ್ನೋ ಹಳೇ ಎಸ್ಪೆರಾಂಟೊ ಪ್ರಚಾರಕರನ್ನ. ಅಲ್ಲಿ ಇದ್ದಕ್ಕಿದ್ದ ಹಾಗೆ ಇಡೊ ಅನ್ನೋ ಹೆಸರಲ್ಲಿ ಅನಾಮಧೇಯ ಪ್ರಸ್ತಾವ ಬಂತು. ಇಡೊ ಅಂದ್ರೆ ಎಸ್ಪೆರಾಂಟೊದಲ್ಲೇ ಮರಿ ಅಂತ ಅರ್ಥ. ಟೋಪಿ ಅಕ್ಷರಗಳೆಲ್ಲ ಹೋಗಬೇಕು ಅಂತ ಅದರಲ್ಲಿತ್ತು. ಸಮಿತಿ ಅದರ ಕಡೆ ವಾಲಿತು. 1908ರಲ್ಲಿ, ಇಡೊ ಅಂದ್ರೆ ನಾನೇ ಅಂತ ಹೇಳಿಕೊಂಡವರು ಅದೇ ದ ಬೋಫ್ರಾಂ! ಈ ಸಲ ಮಾತ್ರ ಟೋಪಿ ಬಿದ್ದಿದ್ದು ಮನುಷ್ಯರಿಗೆ. ಕೆಲವು ನಾಯಕರು ಇಡೊ ಕಡೆ ಹೋದರು. ಸಾಮಾನ್ಯ ಬಳಕೆದಾರರಲ್ಲಿ ಹೆಚ್ಚಿನವರು ಟೋಪಿ ಜೊತೆಗೇ ಉಳಿದರು.

1906ರಲ್ಲಿ ಹುಟ್ಟೂರು ಬಿಯಾಲಿಸ್ಟಾಕ್‌ನಲ್ಲೇ ಯಹೂದಿಗಳ ಹತ್ಯಾಕಾಂಡ ನಡೆದಿತ್ತು. ಆ ವರ್ಷದ ಜಿನೀವಾ ಸಮ್ಮೇಳನದಲ್ಲಿ ಅವರು ಅದನ್ನೇ ಮಾತಾಡಿದರು. ಭಾಷೆ ವ್ಯಾಪಾರಕ್ಕೆ, ಟೂರಿಸಂಗೆ ಸಾಕು ಅನ್ನೋರು ಆಗ ಬಹಳ ಇದ್ದರು. ಅವರಿಗೆ ಅದು ಸಾಕಾಗಿರಲಿಲ್ಲ. 1912ರಲ್ಲಿ ಸಮ್ಮೇಳನಗಳ ಎಲ್ಲ ಅಧಿಕೃತ ಸ್ಥಾನ ಬಿಟ್ಟು ಸಾಮಾನ್ಯ ಸದಸ್ಯರಾದರು.

1914ರ ಆಗಸ್ಟ್‌ನಲ್ಲಿ ಪ್ಯಾರಿಸ್ ಸಮ್ಮೇಳನಕ್ಕೆ 3,700ಕ್ಕೂ ಹೆಚ್ಚು ಜನ ಹೆಸರು ಕೊಟ್ಟಿದ್ದರು. ಜಾಮೆನ್‌ಹಾಫ್ ದಂಪತಿ ರೈಲಲ್ಲಿ ಜರ್ಮನಿಯ ಕಲೋನ್ ತಲುಪಿದಾಗ ಮಹಾಯುದ್ಧ ಶುರುವಾಯ್ತು. ಗಡಿ ಮುಚ್ಚಿತು. ಸ್ಕ್ಯಾಂಡಿನೇವಿಯಾ ಸುತ್ತಿ ವಾರ್ಸಾಗೆ ಮರಳಬೇಕಾಯ್ತು. ಹೃದಯ ಆಗಲೇ ಕೆಟ್ಟಿತ್ತು. 1917ರ ಏಪ್ರಿಲ್ 14ರಂದು, ಜರ್ಮನ್ ಸೇನೆ ಹಿಡಿದುಕೊಂಡಿದ್ದ ವಾರ್ಸಾದಲ್ಲಿ, 57ನೇ ವಯಸ್ಸಿಗೆ ತೀರಿಕೊಂಡರು.

ಮಕ್ಕಳ ಕತೆ ಇನ್ನೂ ದುಃಖದ್ದು. ಮಗ ಆದಂ ಅಪ್ಪನ ಹಾಗೇ ಕಣ್ಣಿನ ಡಾಕ್ಟರ್, ನಾಜಿಗಳು 1940ರಲ್ಲಿ ಗುಂಡಿಟ್ಟು ಕೊಂದರು. ಹೆಣ್ಣುಮಕ್ಕಳು ಸೋಫಿಯಾ ಮತ್ತು ಲಿಡಿಯಾ 1942ರಲ್ಲಿ ಟ್ರೆಬ್ಲಿಂಕಾ ಶಿಬಿರದಲ್ಲಿ ಕೊಲೆಯಾದರು. ಸ್ಟಾಲಿನ್ ಕಾಲದ ಸೋವಿಯತ್ ರಷ್ಯಾದಲ್ಲೂ ಎಸ್ಪೆರಾಂಟೊ ಮಾತಾಡೋರನ್ನ ಹಿಡಿದು ಕೊಂದರು. ಆದ್ರೂ ಭಾಷೆ ಉಳೀತು.

ಮೊಳೆಯಿಂದ ಯೂನಿಕೋಡ್‌ವರೆಗೆ

ಈಗ ನಮ್ಮ ಸಬ್ಜೆಕ್ಟ್‌ಗೆ ಬರೋಣ. ಅವರು ಸತ್ತ ಮೇಲೆ ಆ ಆರು ಅಕ್ಷರಗಳಿಗೆ ಏನಾಯ್ತು?

ಫ್ರೆಂಚ್ ಟೈಪ್‌ರೈಟರ್‌ನಲ್ಲಿ ಡೆಡ್ ಕೀ ಇತ್ತು. ಅದನ್ನ ಒತ್ತಿದ್ರೆ ಟೋಪಿ ಅಚ್ಚಾಗುತ್ತೆ, ಕಾಗದ ಮುಂದಕ್ಕೆ ಸರಿಯಲ್ಲ. ಆಮೇಲೆ ಒತ್ತಿದ ಅಕ್ಷರ ಟೋಪಿ ಕೆಳಗೇ ಬೀಳುತ್ತೆ. ಸಿ, ಎಸ್‌ಗೆ ಚೆನ್ನಾಗಿತ್ತು. ಉದ್ದ ಕಡ್ಡಿಯ ಎಚ್ ಮಾತ್ರ ಟೋಪಿಗೆ ತಾಗ್ತಿತ್ತು. ಮೋರ್ಸ್ ಕೋಡ್‌ನಲ್ಲೂ ಆರಕ್ಕೂ ಸ್ವಂತ ಸಂಕೇತ ಬಂತು.

ಕಂಪ್ಯೂಟರ್ ಬಂದಾಗ ಮತ್ತೆ ಮೊದಲಿನ ಕತೆ. ಆಸ್ಕಿಯಲ್ಲಿ ಇರೋದು 7 ಬಿಟ್, 128 ಜಾಗ, ಒಂದೂ ಟೋಪಿ ಅಕ್ಷರ ಇಲ್ಲ. ಎಚ್ ಪದ್ಧತಿಯನ್ನ ಕಂಪ್ಯೂಟರ್‌ಗೆ ಕೊಟ್ಟರೆ ಗೊಂದಲ. ಬೇಟೆ ನಾಯಿಗೆ ಚಾಸ್‌ಹುಂಡೊ ಅಂತಾರೆ. ಚಾಸ್ ಅಂದ್ರೆ ಬೇಟೆ, ಹುಂಡೊ ಅಂದ್ರೆ ನಾಯಿ. ಎಸ್ ಮತ್ತು ಎಚ್ ಅಕ್ಕಪಕ್ಕ ಬಂದ್ವು ಅಂತ ಕಂಪ್ಯೂಟರ್ ಅದನ್ನ ಶ ಮಾಡಿ ಚಾಶುಂಡೊ ಅನ್ನುತ್ತೆ. ನಾಯಿಯೂ ಇಲ್ಲ, ಬೇಟೆಯೂ ಇಲ್ಲ.

ಅದಕ್ಕೆ ಎಕ್ಸ್ ಪದ್ಧತಿ. ಎಸ್ಪೆರಾಂಟೊದಲ್ಲಿ ಎಕ್ಸ್ ಅಕ್ಷರವೇ ಇಲ್ಲವಲ್ಲ, ಕೆಲಸ ಇಲ್ಲದ ಕೀಗೆ ಕೆಲಸ ಕೊಟ್ಟರು. ಇನ್ನೊಂದು ಲಾಭ, ಅಕಾರಾದಿ ವಿಂಗಡಣೆ ಮಾಡಿದ್ರೂ ಟೋಪಿಯ ಸಿ ಪದಗಳು ಸಾದಾ ಸಿ ಪದಗಳ ನಂತರ ಹೆಚ್ಚೂಕಮ್ಮಿ ಸರಿಯಾಗೇ ಬರುತ್ವೆ. ತೊಂದರೆ ಬರೋದು ಹೊರಗಿನ ಹೆಸರುಗಳಲ್ಲಿ. ಬೋರ್ದೋ ಅನ್ನೋ ಫ್ರೆಂಚ್ ಊರಿನ ಸ್ಪೆಲಿಂಗ್ ಯು, ಎಕ್ಸ್‌ನಿಂದ ಮುಗಿಯುತ್ತೆ, ಟೂಲ್ ಅದಕ್ಕೂ ಬಟ್ಟಲು ಇಟ್ಟುಬಿಡುತ್ತೆ. ಎಸ್ಪೆರಾಂಟೊ ವಿಕಿಪೀಡಿಯದಲ್ಲಿ ಇದಕ್ಕೆ ಎಕ್ಸ್ ಎರಡು ಸಲ ಒತ್ತೋ ಉಪಾಯ ಇಟ್ಟಿದ್ದರು.

1988ರಲ್ಲಿ ಲ್ಯಾಟಿನ್-3 ಅನ್ನೋ 8 ಬಿಟ್ ಮಾನಕದಲ್ಲಿ ಆರಕ್ಕೂ ಜಾಗ ಸಿಕ್ತು. ಆದ್ರೆ ಆ ಫೈಲನ್ನ ಲ್ಯಾಟಿನ್-1 ಅಂತ ತೆರೆದ್ರೆ ಟೋಪಿಯ ಜೆ ಇದ್ದ ಕಡೆ ಕಾಲು ಭಾಗದ ಗುರುತು ಕಾಣ್ತಿತ್ತು. ಹಳೇ ನುಡಿ ಫೈಲನ್ನ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದು ನೋಡಿದವರಿಗೆ ಈ ನೋವು ಗೊತ್ತು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಟೋಪಿ ಹಾಕಿದ ಸಣ್ಣ ಸಿಗೆ 265ನೇ ಸಂಖ್ಯೆ, ಬಟ್ಟಲಿನ ಸಣ್ಣ ಯುಗೆ 365. ಅದೇ ಆವೃತ್ತಿಯಲ್ಲಿ ನಮ್ಮ ಕ ಅಕ್ಷರಕ್ಕೆ 3221. ವಾರ್ಸಾದ ಡಾಕ್ಟರ್ ಅಕ್ಷರಗಳಿಗೂ ನಮ್ಮ ಅಕ್ಷರಗಳಿಗೂ ಖಾಯಂ ಜಾಗ ಸಿಕ್ಕಿದ್ದು ಒಂದೇ ಪುಸ್ತಕದಲ್ಲಿ. ಈಗ ಲಿನಕ್ಸ್‌ನಲ್ಲಿ ಕಂಪೋಸ್ ಕೀ ಇಟ್ಟುಕೊಂಡರೆ ಕಂಪೋಸ್, ಟೋಪಿ, ಸಿ ಅಂತ ಮೂರು ಒತ್ತು. ಇಲ್ಲಾಂದ್ರೆ ಮೊದಲು ಹೇಳಿದ ಆ ಆನ್‌ಲೈನ್ ಬಾಕ್ಸ್ ಇದೆ.

ಎಕ್ಸ್‌ಗೆ ಕೆಲಸ ಕೊಟ್ಟ ಉಪಾಯ ನಮಗೆ ಹೊಸದಲ್ಲ. ಕೆ. ಪಿ. ರಾವ್ ಅವರ ಕೀಬೋರ್ಡ್ ವಿನ್ಯಾಸದಲ್ಲಿ, ನುಡಿಯಲ್ಲಿ ನಾವು ಬಳಸೋದು ಅದೇ, ಕ್ಯೂ ಒತ್ತಿದ್ರೆ ಟ, ಡಬಲ್ಯು ಒತ್ತಿದ್ರೆ ಡ, ಒತ್ತಕ್ಷರಕ್ಕೆ ಎಫ್. ಕನ್ನಡಕ್ಕೆ ಬೇಡದ ಕೀಗಳನ್ನ ಕನ್ನಡಕ್ಕೇ ದುಡಿಸಿಕೊಂಡಿದ್ದು. ಅಲ್ಲೂ ಯೋಚನೆ ಒಂದೇ: ಕೀ ಕಮ್ಮಿ ಇದ್ರೆ ಕೀಗೆ ಕೆಲಸ ಹಂಚು, ಅಕ್ಷರ ಬಿಡಬೇಡ. ಆದ್ರೂ ನಮ್ಮಲ್ಲಿ ಎಷ್ಟೋ ಜನ ವಾಟ್ಸಾಪ್‌ನಲ್ಲಿ ಇನ್ನೂ ಕನ್ನಡವನ್ನ ಇಂಗ್ಲಿಷ್ ಅಕ್ಷರದಲ್ಲೇ ಬರೀತೀವಿ. ಅಲ್ಲಿ ನ, ಣ ಒಂದೇ, ಲ, ಳ ಒಂದೇ. ಯಾವುದು ಅಂತ ಗುರುತಿಸೋಕೆ ಓದೋರು ಊಹೆ ಮಾಡಬೇಕು. ಟೂಲ್ ಇಲ್ಲ ಅನ್ನೋ ಕಾರಣ ಈಗ ನಿಜ ಅಲ್ಲ. 1894ರಲ್ಲಿ ಟೋಪಿ ಬೇಡ ಅಂದವರಿಗೆ ಆ ಕಾರಣವಾದ್ರೂ ನಿಜವಾಗಿತ್ತು.

ಜಾಮೆನ್‌ಹಾಫ್ ಹೆಸರನ್ನ ಸರಿಯಾಗಿ ಬರೀಬೇಕಾದ್ರೆ ಕನ್ನಡಕ್ಕೂ ಗುರುತು ಬೇಕು. ಜ ಕೆಳಗೆ ಎರಡು ಚುಕ್ಕಿ, ಫ ಕೆಳಗೆ ಎರಡು ಚುಕ್ಕಿ. ಎಸ್ಪೆರಾಂಟೊದಲ್ಲಿ ಅವರ ಹೆಸರಿಗೆ ಒಂದು ಟೋಪಿಯೂ ಬೇಡ. ಆರೂ ಅಕ್ಷರ ಬರುತ್ತಾ ಅಂತ ಫಾಂಟ್ ಪರೀಕ್ಷೆ ಮಾಡೋಕೆ ಅಲ್ಲಿ ಎರಡು ಪದಗಳನ್ನ ಬಳಸ್ತಾರೆ: ಎಖೊಶಾಂಜೊ ಚಿಉಝಾವ್ದೆ. ಅರ್ಥ, ಪ್ರತಿ ಗುರುವಾರ ಪ್ರತಿಧ್ವನಿ ಬದಲಾವಣೆ. ಅರ್ಥಕ್ಕೆ ಅರ್ಥ ಇಲ್ಲ, ಆದ್ರೆ ಆರೂ ಟೋಪಿ ಬಟ್ಟಲುಗಳು ಅದರಲ್ಲಿವೆ. ಆ ಬಾಕ್ಸ್ ತೆರೆದು ಒಂದು ಸಲ ಟೈಪ್ ಮಾಡಿ ನೋಡಿ. ಆಮೇಲೆ ಫೋನ್‌ನಲ್ಲಿ ಕನ್ನಡ ಕೀಬೋರ್ಡ್ ಹಾಕಿಕೊಂಡು ಗೆಳೆಯರಿಗೆ ಒಂದು ಮೆಸೇಜ್ ಕಳಿಸಿ, ಣ, ಳ ಎಲ್ಲ ಸರಿಯಾಗಿ.